ಬೋರ್ಡು ಇದೆ, ರೂಮ್ ಇಲ್ಲ

ಅಮ್ಮ ಹಾಸನದಿಂದ ಬಂದಿದ್ದಾಗ ಎಲ್ಲರೂ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಟೆವು. ಲಾಸ್ ಏಂಜಲೀಸ್ ಕಡೆಯಿಂದ ಹೋಗುವವರು ಐ-40 ಹೈವೇ ಹಿಡಿದು ಸೀದಾ ಹೋಗಿಬಿಡುತ್ತಾರೆ. ನನಗೆ ಹಳೇ ರಸ್ತೆಗಳ ಹುಚ್ಚು. ಲಡ್ಲೋ ಹತ್ತಿರ ಹೈವೇ ಬಿಟ್ಟು ರೂಟ್ 66ಕ್ಕೆ ಇಳಿದೆ. ಅಲ್ಲಿಂದ ಸುಮಾರು 45 ಕಿಲೋಮೀಟರ್ ಹೋದರೆ ಆಂಬಾಯ್.

ಮೊಹಾವಿ ಮರುಭೂಮಿ. ಮರ ಇಲ್ಲ, ಮನೆ ಇಲ್ಲ, ಬಲಗಡೆ ಯಾವ ಕಾಲದಲ್ಲೋ ಆರಿಹೋದ ಜ್ವಾಲಾಮುಖಿಯ ಕರೀ ದಿಬ್ಬ. ಆಮೇಲೆ ಆಕಾಶಕ್ಕೆ ಮೊಳೆ ಹೊಡೆದಂತೆ ಒಂದು ಬೋರ್ಡು ಕಾಣುತ್ತದೆ. 'ರಾಯ್ಸ್ ಮೋಟೆಲ್ ಕೆಫೆ'. 50 ಅಡಿ ಎತ್ತರ, ಮೇಲೆ ಕೆಂಪು ಬಾಣ.

"ಬೋರ್ಡು ಬಂತಲ್ಲೋ, ಊರೆಲ್ಲಿ?" ಅಂದರು ಅಮ್ಮ.

ಬೋರ್ಡೇ ಊರು ಅಂತ ಹೇಗೆ ಹೇಳುವುದು! ರಾಯ್ ಕ್ರೌಲ್ ಅನ್ನುವವರು 1938ರಲ್ಲಿ ಶುರು ಮಾಡಿದ ಜಾಗ ಇದು. ಅವರ ಅಳಿಯ ಬಸ್ಟರ್ ಬರಿಸ್ ಅದನ್ನು ಬೆಳೆಸಿದರು. ಪೆಟ್ರೋಲು, ಗ್ಯಾರೇಜು, ಊಟ, ಮಲಗೋಕೆ ಪುಟ್ಟ ಪುಟ್ಟ ಬಿಳೀ ಕಾಟೇಜುಗಳು. 1959ರಲ್ಲಿ ಈ ಬೋರ್ಡು ನಿಂತಿತು. ಶಿಕಾಗೋದಿಂದ ಸಾಂಟಾ ಮೋನಿಕಾವರೆಗಿನ ಈ ರೂಟ್ 66 ರಸ್ತೆಯಲ್ಲಿ ಬರುವವರಿಗೆ ರಾತ್ರಿ ಮೈಲುಗಟ್ಟಲೆ ದೂರದಿಂದಲೇ ಕಾಣಲಿ ಅಂತ. 1973ರಲ್ಲಿ ಐ-40 ಬಂತು, ಉತ್ತರಕ್ಕೆ ಒಂದಿಷ್ಟು ದೂರದಲ್ಲಿ. ಅಷ್ಟೇ. ಊರಿಗೆ ಯಾರೂ ಏನೂ ಮಾಡಲಿಲ್ಲ, ಸುಮ್ನೆ ಪಕ್ಕದಿಂದ ಹೋದರು.

2005ರಲ್ಲಿ ಆಲ್ಬರ್ಟ್ ಒಕುರಾ ಅನ್ನುವ ಕೋಳಿ ಹೋಟೆಲುಗಳ ಮಾಲೀಕರು ಇಡೀ ಊರನ್ನೇ 4,25,000 ಡಾಲರಿಗೆ ಕೊಂಡರು. ನಮ್ಮ ಬೀದಿಯಲ್ಲಿ ಆ ದುಡ್ಡಿಗೆ ಈಗ ಒಂದು ಮನೆಯೂ ಬರೋಲ್ಲ! ಎಷ್ಟೋ ವರ್ಷ ಕತ್ತಲಲ್ಲಿದ್ದ ಬೋರ್ಡಿನ ನಿಯಾನ್ ದೀಪಗಳು 2019ರಲ್ಲಿ ಮತ್ತೆ ಹತ್ತಿದವು. ಒಕುರಾ 2023ರಲ್ಲಿ ತೀರಿಕೊಂಡರು.

ನಾವು ಹೋದಾಗ ಪೆಟ್ರೋಲು ಇತ್ತು, ತಣ್ಣಗಿನ ಸೋಡಾ ಇತ್ತು, ಟೀ ಶರ್ಟು ಇತ್ತು. ರೂಮ್ ಮಾತ್ರ ಇಲ್ಲ. ಮೋಟೆಲ್ ಅಂತ ಅಷ್ಟೆತ್ತರದಲ್ಲಿ ಬರೆದುಕೊಂಡು ರೂಮ್ ಕೊಡದ ಜಾಗಕ್ಕೆ ಜನ ಎಲ್ಲೆಲ್ಲಿಂದಲೋ ಬಂದು ಫೋಟೋ ಹೊಡೆಸಿಕೊಳ್ಳುತ್ತಿದ್ದರು, ನಾವೂ ಸೇರಿ. ಇಳಿಜಾರು ಮಾಡಿನ ಆಫೀಸಿನ ಗಾಜಿಗೆ ಅಮ್ಮ ಮೂಗು ಒತ್ತಿ ಒಳಗೆ ನೋಡಿದರು. "ಪಾಪ, ಕುರ್ಚಿ ಎಲ್ಲಾ ಹಾಗೇ ಇದೆ ಕಣೋ" ಅಂದರು. ಆಮೇಲೆ ಬೋರ್ಡಿನ ನೆರಳಲ್ಲೇ ನಿಂತು ಎಲ್ಲರಿಗೂ ಚಿತ್ರಾನ್ನ ಹಂಚಿದರು. ಆ ಕೆಫೆಯ ಮುಂದೆ ಅವತ್ತು ಊಟ ಅಂತ ಆಗಿದ್ದು ಅದೊಂದೇ ಇರಬೇಕು.

ಈ ಕಡೆ ರೈಲಿನವರು ಸ್ಟೇಷನ್‌ಗಳಿಗೆ ಅಕ್ಷರಮಾಲೆಯ ಪ್ರಕಾರ ಹೆಸರಿಟ್ಟಿದ್ದರು. ಎ ಅಂದರೆ ಆಂಬಾಯ್, ಬಿ ಬ್ರಿಸ್ಟಲ್, ಸಿ ಕ್ಯಾಡಿಜ್, ಡಿ ಡ್ಯಾನ್ಬಿ, ಹೀಗೆ ಜಿ ಗಾಫ್ಸ್ ದಾಟಿ ಮುಂದಕ್ಕೆ. ಕಿಟಕಿ ಪಕ್ಕ ಕೂತ ಮಗುವಿಗೆ ಓದೋದು ಕಲಿಸಿದಂತೆ. ರಸ್ತೆಯ ಪಕ್ಕ ಮಣ್ಣಿನ ಏರಿ ಇದೆ. ಅದರ ಮೇಲೆ ಹೋಗಿಬರುವವರು ಕಲ್ಲು ಜೋಡಿಸಿ ಹೆಸರು ಬರೆಯುತ್ತಾರೆ, ಮೈಲಿಗಟ್ಟಲೆ ಹೆಸರುಗಳು.

ಅಮ್ಮನಿಗೂ ಆಸೆ ಆಯಿತು. ಮೊಮ್ಮಗಳ ಹೆಸರು ಕನ್ನಡದಲ್ಲೇ ಬರೀಬೇಕು ಅಂತ ಹಟ. ಇಂಗ್ಲಿಷಿನವರಿಗೇನು, ಎಲ್ ಅಂದರೆ ಎರಡು ಗೆರೆ, ಮುಗೀತು. ನಮ್ಮದು ಬರೀ ಸುತ್ತು, ಕೊಂಬು. 'ಪು' ಬರೆಯುವಷ್ಟರಲ್ಲಿ ಹತ್ತಿರದ ಕಲ್ಲೆಲ್ಲ ಖಾಲಿ, ಅಮ್ಮನ ಸೀರೆ ಅಂಚೆಲ್ಲ ಧೂಳು. 'ಟ್ಟಿ'ಯ ಒತ್ತಿಗೆ ನಾನು ರಸ್ತೆಯ ಆಚೆಯಿಂದ ಕಲ್ಲು ಹೊತ್ತು ತಂದೆ. ಪುಟ್ಟಿ ಮಾತ್ರ ಕಾರಿನಲ್ಲಿ ಎಸಿ ಹಾಕಿಕೊಂಡು ನಿದ್ದೆ ಮಾಡುತ್ತಿದ್ದಳು.