ಐಬಿಎಸ್ ಇರೋರು ಎಷ್ಟು ಮಂದಿ?

ಐಬಿಎಸ್ ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಹೊಟ್ಟೆನೋವಿನ ಜೊತೆ ಟಾಯ್ಲೆಟ್ಟಿನ ಲೆಕ್ಕವೂ ಏರುಪೇರಾಗೋ ಕರುಳಿನ ತೊಂದರೆ. ಅದರ ಬಗ್ಗೆ ಓದೋಕೆ ಕೂತರೆ ಒಂದು ಕಡೆ ನೂರಕ್ಕೆ ಹನ್ನೊಂದು ಜನಕ್ಕೆ ಇದೆ ಅಂತಾರೆ, ಇನ್ನೊಂದು ಕಡೆ ನಾಲ್ಕು ಅಂತಾರೆ. ಎರಡೂ ಸುಳ್ಳಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2012ರಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಶೇ. 11.2. ಇಂಥ ತೊಂದರೆಗಳನ್ನು ಗುರುತಿಸೋ ಮಾನದಂಡ ರೂಪಿಸೋ ರೋಮ್ ಫೌಂಡೇಶನ್‌ನವರು 33 ದೇಶಗಳ 73 ಸಾವಿರ ಜನರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಇಂಟರ್ನೆಟ್‌ನಲ್ಲಿ ಉತ್ತರಿಸಿದವರಲ್ಲಿ ಶೇ. 4.1, ಮನೆಗೆ ಹೋಗಿ ಎದುರು ಕೂತು ಕೇಳಿದ ಕಡೆ ಬರೀ 1.5.

ಈ ಮಧ್ಯೆ ಜಗತ್ತಿನ ಹೊಟ್ಟೆಯೇನೂ ನೆಟ್ಟಗಾಗಲಿಲ್ಲ, ಜರಡಿ ಬದಲಾಯಿತು ಅಷ್ಟೆ. ರಕ್ತಪರೀಕ್ಷೆಯಲ್ಲೋ ಸ್ಕ್ಯಾನಿನಲ್ಲೋ ಇದೇ ಐಬಿಎಸ್ ಅಂತ ತೋರಿಸೋ ಗುರುತು ಇಲ್ಲ, ಲಕ್ಷಣ ಕೇಳಿಯೇ ತೀರ್ಮಾನಿಸಬೇಕು. 2006ರ ರೋಮ್ 3 ಮಾನದಂಡಕ್ಕೆ ತಿಂಗಳಲ್ಲಿ ಮೂರು ದಿನ ಹೊಟ್ಟೆನೋವೋ ಇರಿಸುಮುರುಸೋ ಇದ್ದರೆ ಸಾಕಿತ್ತು. 2016ರ ರೋಮ್ 4 ಇರಿಸುಮುರುಸನ್ನು ಕೈಬಿಟ್ಟಿತು. ನೋವೇ ಇರಬೇಕು, ವಾರಕ್ಕೊಂದು ದಿನವಾದರೂ ಬರಬೇಕು. ಜೊತೆಗೆ, ಹೆಚ್ಚುಕಮ್ಮಿ ಹಿಂದಿನಂತೆಯೇ, ಟಾಯ್ಲೆಟ್ಟಿಗೆ ಹೋಗೋದಕ್ಕೂ ನೋವಿಗೂ ನಂಟು, ಹೋಗೋ ಸಲದಲ್ಲಿ ಏರುಪೇರು, ಮಲದ ಹದದಲ್ಲಿ ಬದಲಾವಣೆ, ಇಷ್ಟರಲ್ಲಿ ಎರಡಾದರೂ ಇರಬೇಕು. 2021ರ ಸಮೀಕ್ಷೆಯ ಇಂಟರ್ನೆಟ್ ಗುಂಪನ್ನೇ ಹಳೇ ಮಾನದಂಡದಲ್ಲಿ ನೋಡಿದರೆ ಶೇ. 10.1 ಬರುತ್ತೆ! ಹೊರಗುಳಿದ ಆ ಆರು ಮಂದಿಗೆ ಬೆಳಗ್ಗೆ ಎದ್ದಾಗ ಹೊಟ್ಟೆ ಉಬ್ಬೋದು, ಹೋಗಿ ಬಂದರೂ ಪೂರ್ತಿ ಆಗಲಿಲ್ಲ ಅನ್ನಿಸೋದು ಏನೂ ನಿಂತಿರಲ್ಲ.

ನಮ್ಮ ದೇಶದ ಲೆಕ್ಕವೂ ಇದೆ. ಭಾರತೀಯ ಗ್ಯಾಸ್ಟ್ರೋಎಂಟರಾಲಜಿ ಸೊಸೈಟಿಯ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮುದಾಯದ 4,500 ಜನರಲ್ಲಿ ಶೇ. 4.2. ಪಾಶ್ಚಾತ್ಯರಿಗಿಂತ ನಾವೇ ವಾಸಿ ಅಂತ ಬೀಗೋಕೆ ಮುಂಚೆ ಒಂದು ದೃಶ್ಯ ನೋಡಿ. ಮನೆ ಜಗಲಿ. ಕೈಯಲ್ಲಿ ಹಾಳೆ ಹಿಡಿದ ಅಪರಿಚಿತ ಹುಡುಗ. ಒಳಗೆ ಅತ್ತೆ, ಕಾಂಪೌಂಡಿನ ಆಚೆ ಪಕ್ಕದ ಮನೆಯವರು. "ಅಮ್ಮಾ, ಮಲ ಗಟ್ಟಿ ಬರುತ್ತಾ, ನೀರಾಗಿ ಬರುತ್ತಾ?" ಯಾವ ಸೊಸೆ ಬಾಯಿ ಬಿಡ್ತಾಳೆ? "ಏನಿಲ್ಲಪ್ಪ, ಚೆನ್ನಾಗಿದೀವಿ" ಅಂದು ಕಳಿಸ್ತಾಳೆ. ಬೇರೆ ಎಷ್ಟೋ ದೇಶಗಳಲ್ಲಿ ಇದು ಹೆಂಗಸರಲ್ಲೇ ಹೆಚ್ಚು, ನಮ್ಮ ಆಸ್ಪತ್ರೆಗಳ ಲೆಕ್ಕದಲ್ಲಿ ಮಾತ್ರ ಗಂಡಸರದೇ ಮೇಲುಗೈ. ನಮ್ಮ ಹೆಂಗಸರ ಕರುಳು ಗಟ್ಟಿ ಅಂತ ನಾನಂತೂ ನಂಬಲ್ಲ. ಅವರು ಆಸ್ಪತ್ರೆ ತನಕ ಬರಲ್ಲ. ಮೆಡಿಕಲ್ ಶಾಪಿನ ಗ್ಯಾಸ್ಟ್ರಿಕ್ ಮಾತ್ರೆ, ಓಮದ ನೀರು, ಅಲ್ಲಿಗೆ ಮುಗೀತು.

ಇರಲಿ, ಕಮ್ಮಿ ಅಂಕಿಯನ್ನೇ ಹಿಡಿಯೋಣ. ಕರ್ನಾಟಕದಲ್ಲಿ ಐದು ಕೋಟಿಗೂ ಹೆಚ್ಚು ಮತದಾರರಿದ್ದಾರೆ. ನೂರಕ್ಕೆ ನಾಲ್ಕು ಅಂದರೂ ಇಪ್ಪತ್ತು ಲಕ್ಷ. ಐವತ್ತು ಸೀಟಿನ ಕೆಂಪು ಬಸ್ಸು ತುಂಬಿ ಹೊರಟರೆ ಅದರಲ್ಲಿ ಇಬ್ಬರು. ಆ ಇಬ್ಬರಲ್ಲಿ ನಾನೂ ಒಬ್ಬ. ಬಸ್ ಹತ್ತೋ ದಿನ ತಿಂಡಿ ಮುಟ್ಟಲ್ಲ, ಬಾಗಿಲ ಹತ್ತಿರದ ಸೀಟೇ ಹುಡುಕ್ತೀನಿ, ದಾರಿಯಲ್ಲಿ ಯಾವ ಹೋಟೆಲಿನ ಹಿಂದೆ ನೀರು ಬರುತ್ತೆ ಅನ್ನೋದು ಬಾಯಿಪಾಠ. "ಸ್ವಲ್ಪ ನಿಲ್ಸಿ ಸರ್" ಅಂತ ಕಂಡಕ್ಟರಿಗೆ ಹೇಳೋದಿದೆಯಲ್ಲ, ಅದನ್ನು ಇಡೀ ಬಸ್ಸು ಕೇಳಿಸಿಕೊಳ್ಳುತ್ತೆ. ನಿಲ್ದಾಣದ ಶೌಚಾಲಯದಲ್ಲಿ ಚಿಲ್ಲರೆ ಕೇಳಿ ಕಾಯಿಸೋರಿಗೆ ನಮ್ಮ ಅವಸರ ಹೇಗೆ ಅರ್ಥ ಆಗಬೇಕು?

ರಿಪೋರ್ಟ್ ನಾರ್ಮಲ್ ಬಂದರೆ ಮನೆಯವರ ತೀರ್ಪು ರೆಡಿ: "ಟೆನ್ಶನ್ ಮಾಡ್ಕೋಬೇಡ." ಟೆನ್ಶನ್ ಆದಾಗ ಹೆಚ್ಚಾಗೋದು ನಿಜ, ಮಿದುಳಿಗೂ ಕರುಳಿಗೂ ಅಷ್ಟು ನಂಟಿದೆ. ಆದರೆ ಕೆನಡಾದ ಒಂಟಾರಿಯೋದ ವಾಕರ್‌ಟನ್ ಅನ್ನೋ ಪುಟ್ಟ ಊರಿನಲ್ಲಿ 2000ದ ಮೇ ತಿಂಗಳಲ್ಲಿ ನಲ್ಲಿ ನೀರಿಗೆ ಬ್ಯಾಕ್ಟೀರಿಯಾ ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಜನ ಸತ್ತರು. ಎರಡು ಮೂರು ವರ್ಷ ಕಳೆದ ಮೇಲೆ ನೋಡಿದರೆ, ಆಗ ಭೇದಿ ಬಂದದ್ದು ಲಕ್ಷಣದಿಂದಲೋ ದಾಖಲೆಯಿಂದಲೋ ಖಚಿತವಾದವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನಕ್ಕೆ ಐಬಿಎಸ್ ಲಕ್ಷಣ. ಏನೂ ಆಗದಿದ್ದವರಲ್ಲಿ ಸುಮಾರು ಹತ್ತನೇ ಒಂದು. ಕೆಟ್ಟ ನೀರು ಕುಡಿದ ಊರಿಗೆ ಊರೇ ಟೆನ್ಶನ್ ಮಾಡಿಕೊಂಡಿತ್ತಾ? ಭೇದಿ ಬಂದು ಹೋಗೋದು ಮಾಮೂಲಿ ಅನ್ನೋ ನಮ್ಮಲ್ಲಿ ಈ ಪ್ರಶ್ನೆ ಇನ್ನೂ ಜೋರಾಗಿ ಕೇಳಬೇಕು.

ಇದನ್ನು ಓದಿ ನಂಗೂ ಐಬಿಎಸ್ಸೇ ಅಂತ ಯಾರೂ ತಾವೇ ಹಣೆಪಟ್ಟಿ ಕಟ್ಟಿಕೊಳ್ಳಬೇಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ನಿದ್ದೆಯಿಂದ ಎಬ್ಬಿಸೋ ಭೇದಿ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ಓಮದ ನೀರು ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ. ನಾಚಿಕೆ ಬಿಟ್ಟು ಎಲ್ಲಾ ಹೇಳಿ, ಹದ, ಬಣ್ಣ, ದಿನಕ್ಕೆ ಎಷ್ಟು ಸಲ, ಸಮೇತ.