ಮೀಟರಿಗೆ 13 ಅಂಕಿ, ನಮಗೆ 10

ಕರೆಂಟ್ ಮೀಟರ್ ಇನ್ನು ತಾನೇ ಮಾತಾಡುತ್ತದಂತೆ. ಸುದ್ದಿ ನಿಮಗೂ ಗೊತ್ತೇ ಇದೆ. ದೇಶದ ತುಂಬ 25 ಕೋಟಿ ಸ್ಮಾರ್ಟ್ ಮೀಟರ್ ಕೂರಿಸುತ್ತೇವೆ ಎಂದು 2021ರಲ್ಲೇ ದಿಲ್ಲಿಯವರು ಹೇಳಿದ್ದರು. ನಮ್ಮ ಕರ್ನಾಟಕದಲ್ಲಿ ಹೊಸ ಕನೆಕ್ಷನ್ ಕೇಳಿದವರು ಮೀಟರಿನ ರೇಟ್ ಕೇಳಿ ಹೌಹಾರಿದ್ದೂ ಆಯಿತು. ಇನ್ನು ರೀಡಿಂಗ್‌ಗೆ ಯಾರೂ ಬರುವುದಿಲ್ಲ, ಮೀಟರೇ ಆಫೀಸಿಗೆ ಲೆಕ್ಕ ಒಪ್ಪಿಸುತ್ತದೆ. ಬಹಳ ಸಂತೋಷ.

ಹೀಗೆ ಯಂತ್ರಗಳು ಮಾತಾಡುವ ಸಿಮ್‌ಗೆ 13 ಅಂಕಿಯ ನಂಬರ್. 2018ರ ಜುಲೈಯಿಂದ ಇದೇ ನಿಯಮ. ಮನುಷ್ಯರಿಗೆ ಹತ್ತೇ. ಮರ್ಯಾದೆ ಅಂದರೆ ಹೀಗಿರಬೇಕು! ಆದರೆ ಹುಬ್ಬಳ್ಳಿಯ ಹಳೇ ಓಣಿಗಳಲ್ಲಿ ಮೀಟರ್ ಇರುವುದು ಮೆಟ್ಟಿಲ ಕೆಳಗೆ, ಚಪ್ಪಲಿ ಗುಡ್ಡೆ ಮತ್ತು ಪಂಕ್ಚರ್ ಆದ ಸೈಕಲ್ ನಡುವೆ. ಅಲ್ಲಿ ನಮ್ಮ ಫೋನಿಗೇ ಸಿಗ್ನಲ್ ಸಿಗುವುದಿಲ್ಲ. ನಾವಾದರೆ ‘ಹಲೋ ಹಲೋ’ ಎನ್ನುತ್ತ ಮಾಳಿಗೆ ಹತ್ತುತ್ತೇವೆ. ಮೀಟರ್ ಸಾಹೇಬರು ಏನು ಮಾಡಬೇಕು, ಪಾಪ?

ಅಸಲಿಗೆ ಯಂತ್ರಗಳನ್ನು ಮಾತಾಡಿಸುವ ಈ ಹುಚ್ಚು ಹುಟ್ಟಿದ್ದೇ ಸೋಮಾರಿತನದಿಂದ. 1980ರ ದಶಕದ ಶುರುವಿನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಂದು ಕೋಕ್ ಮಷೀನ್ ಇತ್ತು. ಅಷ್ಟು ದೂರ ನಡೆದು ಹೋದರೆ ಮಷೀನ್ ಖಾಲಿ, ಇಲ್ಲವೇ ಬಾಟಲಿ ಇನ್ನೂ ಬೆಚ್ಚಗೆ. ಹುಡುಗರು ಅದಕ್ಕೆ ವೈರ್ ಎಳೆದು, ಬಾಟಲಿ ಇದೆಯಾ, ತಣ್ಣಗಾಗಿದೆಯಾ ಅಂತ ಕುಳಿತಲ್ಲೇ ಕಂಪ್ಯೂಟರಿನಲ್ಲಿ ನೋಡುವ ಹಾಗೆ ಮಾಡಿಕೊಂಡರು. ಇಂಥ ಕೆಲಸಕ್ಕೆ ‘ಇಂಟರ್ನೆಟ್ ಆಫ್ ಥಿಂಗ್ಸ್’, ಅಂದರೆ ವಸ್ತುಗಳ ಇಂಟರ್ನೆಟ್, ಅಂತ ಬ್ರಿಟನ್ನಿನ ತಂತ್ರಜ್ಞ ಕೆವಿನ್ ಆಷ್ಟನ್ ಹೆಸರಿಟ್ಟಿದ್ದು 1999ರಲ್ಲಿ.

ನಮ್ಮಲ್ಲಿ ಅದು ಮೊದಲಿಂದಲೂ ಇತ್ತು. ನೀರು ಬಿಡುವವನು ಇದ್ದಾನಲ್ಲ! ಸವದತ್ತಿಯ ರೇಣುಕಾಸಾಗರ ಜಲಾಶಯದಿಂದ ಹೊರಟ ಮಲಪ್ರಭೆ ನಮ್ಮ ಕೊಡಕ್ಕೆ ಬೀಳಬೇಕಾದರೆ ಅವನ ಕೈ ದಾಟಿಯೇ ಬರಬೇಕು. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರಲ್ಲೇ 24 ತಾಸು ನೀರು ಬಂತು, ಪುಣ್ಯವಂತರು. ಉಳಿದವರಿಗೆ ಅವನೇ ದೇವರು. ಹಳೇ ಗಾಡಿ, ಹೆಗಲ ಮೇಲೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ. ಓಣಿಯ ಹೆಂಗಸರ ಫೋನಿನಲ್ಲಿ ಅವನ ನಂಬರ್ ‘ನೀರು’ ಅಂತಲೇ ಸೇವ್ ಆಗಿರುತ್ತದೆ.

“ನೀರ ಯಾವಾಗ ಬರ್ತಾವೋ ತಮ್ಮಾ?”

“ಲೈನ್ ಒಡದೈತ್ರೀ ಅಕ್ಕಾರ. ನಾಳಿ ಸಂಜಿಕ ನೋಡೂಣು.”

ಪೈಪ್ ಒಡೆದದ್ದು ಸೆನ್ಸರಿಗೂ ತಿಳಿಯುತ್ತದೆ, ಒಪ್ಪೋಣ. ಮೂರನೇ ಮನೆಯಲ್ಲಿ ಮದುವೆ ಇದೆ, ಅರ್ಧ ತಾಸು ಜಾಸ್ತಿ ಬಿಡಬೇಕು ಅನ್ನೋದು ಯಾವ ಸೆನ್ಸರಿಗೆ ತಿಳಿಯುತ್ತದೆ? ಅವನಿಗೆ ಯಂತ್ರಗಳ ಹಾಗೆ ಸಾಫ್ಟ್‌ವೇರ್ ಅಪ್‌ಡೇಟ್ ಬೇಡ. ಒಂದು ಚಹಾ ಸಾಕು.

ಹುಬ್ಬಳ್ಳಿ-ಧಾರವಾಡ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ್ದು 2016ರಲ್ಲಿ. ಯೋಜನೆಗೇ 2025ರ ಮಾರ್ಚ್ 31ಕ್ಕೆ ಪರದೆ ಬಿತ್ತು. ಈ ನಡುವೆ ಕಸದ ಗಾಡಿ ಬಂದದ್ದು ಗೊತ್ತಾಗಲಿ ಅಂತ ನಮ್ಮ ಗೇಟಿಗೂ ಒಂದು ಟ್ಯಾಗ್ ಬಡಿದು ಹೋದರು. ಈಗ ಅದರ ಮೊಳೆಗೆ ಹಾಲಿನ ಚೀಲ ನೇತು ಹಾಕುತ್ತೇವೆ. ಗಟ್ಟಿ ಮೊಳೆ, ಸುಳ್ಳು ಹೇಳಬಾರದು. ಗಾಡಿ ಬಂದದ್ದು ಮಾತ್ರ ಅದರ ಹಾಡಿನಿಂದಲೇ ತಿಳಿಯುತ್ತದೆ.

ಇನ್ನು ಧೂಳು. ಚೆನ್ನಮ್ಮ ಸರ್ಕಲ್ ಸುತ್ತಮುತ್ತ ಫ್ಲೈಓವರ್ ಕೆಲಸ ಶುರುವಾದ ಮೇಲೆ ಅಂಗಡಿಯವರು ದಿನವಿಡೀ ಸಾಮಾನು ಒರೆಸುತ್ತಾ ಕೂತಿರುತ್ತಾರೆ. ಅಂಥ ಕಡೆ ಕಂಬದ ಮೇಲೊಂದು ಸೋಲಾರ್ ಪ್ಲೇಟು, ಕೆಳಗೊಂದು ಸೆನ್ಸರ್ ಇಟ್ಟರೆ ಏನಾಗುತ್ತದೆ? ಪ್ಲೇಟಿನ ಮೇಲೆ ಧೂಳು ಕೂತಷ್ಟೂ ಚಾರ್ಜ್ ಕಡಿಮೆ. ಬ್ಯಾಟರಿ ಸಾಯುತ್ತದೆ, ಸೆನ್ಸರ್ ಸುಮ್ನಾಗುತ್ತದೆ. ಗಾಳಿಯಲ್ಲಿ ಎಷ್ಟು ಧೂಳಿದೆ ಅಂತ ಅಳೆಯಲು ಬಂದದ್ದು ಧೂಳಿಗೇ ಬಲಿ.

ಇದರಲ್ಲಿ ಯಂತ್ರದ್ದೇನೂ ತಪ್ಪಿಲ್ಲ. ಏಣಿ ಹತ್ತಿ ಆ ಪ್ಲೇಟು ಒರೆಸಲು ಒಬ್ಬ ಮನುಷ್ಯ ಬೇಕು, ಅಷ್ಟೇ. ಸಿಮ್ ರೀಚಾರ್ಜ್ ಮಾಡಲು, ಬ್ಯಾಟರಿ ಬದಲಿಸಲು ಇನ್ನೊಬ್ಬ. ಕೊಳ್ಳಲು ದುಡ್ಡು ಬರುತ್ತದೆ, ರಿಬ್ಬನ್ ಕತ್ತರಿಸಲು ಜನ ಬರುತ್ತಾರೆ, ಫೋಟೋ ಬರುತ್ತದೆ. ಒರೆಸುವವನ ಸಂಬಳ ಯಾವ ಟೆಂಡರಿನಲ್ಲೂ ಕಾಣುವುದಿಲ್ಲ. ಇದ್ದ ನೀರು ಬಿಡುವವನನ್ನೇ ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿಸಿ, ಸಂಬಳ ಕೊಡಿ ಅಂತ ಅವನು ಧರಣಿ ಕೂತರೆ, ಆ ದಿನ ಊರಿಗೇ ನೀರಿಲ್ಲ. ಆಗ ಮಾತ್ರ ಎಲ್ಲ ಆಫೀಸಿಗೂ ಅವನ ನೆನಪು ಬರುತ್ತದೆ.