ಇಲ್ಲದ ಅಟ್ಟಕ್ಕೆ ಏಣಿ

ಚಾಲಿ ಅಡಿಕೆ ಹೊಸತೋ ಹಳತೋ ಅಂತ ಶಿರಸಿ ಪೇಟೆಯ ವ್ಯಾಪಾರಿ ಒಂದು ಹೋಳು ನೋಡಿಯೇ ಹೇಳಿಬಿಡುತ್ತಾನೆ. ಕಂಪ್ಯೂಟರಿಗೆ ಆ ಕಣ್ಣಿಲ್ಲ. ಫೈಲಿನ ಹಣೆಮೇಲಿನ ತಾರೀಕೇ ಅದಕ್ಕೆ ವೇದವಾಕ್ಯ. ಅದೂ ಹುಟ್ಟಿದ ತಾರೀಕಲ್ಲ, ಕೊನೆಯ ಸಲ ತಿದ್ದಿದ್ದು.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಫೋಟೊ ಸ್ಟುಡಿಯೋದ ಡಿಸ್ಕ್ ತುಂಬಲು ಅಷ್ಟೇ ಸಾಕು. ಹಳತನ್ನು ಬೇರೆ ಫೋಲ್ಡರೆಂಬ ಅಟ್ಟಕ್ಕೇರಿಸಲು ಲಿನಕ್ಸ್‌ನಲ್ಲಿ ಫೈಲು ಹುಡುಕುವ ‘ಫೈಂಡ್’ ಎಂಬ ಕಮಾಂಡ್ ಇದೆ. ಅದಕ್ಕೆ ‘ಎಂಟೈಮ್ ಪ್ಲಸ್ 30’ ಅಂದರೆ ತಿದ್ದಿ 30 ದಿನ ದಾಟಿದ್ದು. ಆದರೆ ಅದರ ಪಂಚಾಂಗವೇ ಬೇರೆ. 24 ಗಂಟೆಗೊಂದು ದಿನ ಎಣಿಸಿ ಚಿಲ್ಲರೆ ಬಿಟ್ಟುಬಿಡುತ್ತದೆ. 30 ದಿನ 23 ಗಂಟೆಯ ಫೋಟೊ ಅದರ ಲೆಕ್ಕಕ್ಕೆ ಬರೀ 30. ಏಣಿ ಹತ್ತುವುದು 31 ತುಂಬಿದ ಮೇಲೆಯೇ. ಪ್ಲಸ್ ಬದಲು ಮೈನಸ್ ಬಿದ್ದರೆ ಹೊಸತೆಲ್ಲ ಅಟ್ಟಕ್ಕೆ, ಹಳತೆಲ್ಲ ಜಗಲಿಯಲ್ಲೇ.

2022ರ ಜಾತ್ರೆಯ ಫೋಟೊಗಳನ್ನು ನಕಲಿನ ಕಮಾಂಡ್ ‘ಸಿಪಿ’ಯನ್ನಷ್ಟೇ ಹೊಡೆದು ಕಾರ್ಡಿನಿಂದ ಇಳಿಸಿದರೆ ಇವತ್ತಿನ ತಾರೀಕು ಬೀಳುತ್ತದೆ. ಅಜ್ಜನಿಗೆ ತೊಟ್ಟಿಲ ಶಾಸ್ತ್ರ! ‘ಮೈನಸ್ ಪಿ’ ಸೇರಿಸಿದರೆ ಹಳೇ ತಾರೀಕು ಉಳಿಯುತ್ತದೆ. ಇದರ ಉಲ್ಟಾವೂ ಉಂಟು: ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್ ಸತ್ತಿದ್ದು, ಮಳೆಗಾಲದಲ್ಲಿ ಕರೆಂಟು ಹೋಗಿ, ನೆಟ್ಟೂ ಇಲ್ಲದಿದ್ದರೆ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಆಗ ತೆರೆದು ತಿದ್ದಿದ ಮದುವೆ ಫೋಟೊ ಮದುಮಗಳಿಗಿಂತ ಹಿರಿಯದಾದರೂ ಆದೀತು.

ವಿಂಡೋಸ್‌ನವರಿಗೆ ಹಳತನ್ನು ಆರಿಸಲು ನಕಲಿನ ಕಮಾಂಡ್ ‘ರೋಬೋಕಾಪಿ’ಯ ‘ಮಿನ್‌ಏಜ್ 30’ ಸಾಕು. ಜೊತೆಗೆ ‘ಎಲ್’ ಕೊಟ್ಟರೆ ಏನನ್ನೂ ಮುಟ್ಟದೆ ಪಟ್ಟಿಯಷ್ಟೇ ತೋರಿಸುತ್ತದೆ. ಫೈಂಡ್‌ನಲ್ಲೂ ಮೊದಲು ಪರದೆಯಲ್ಲಿ ಪಟ್ಟಿ ತೋರಿಸುವ ‘ಪ್ರಿಂಟ್’ ಅಷ್ಟೇ ಕೊಟ್ಟು ನೋಡಬೇಕು. ಯಾರು ನೋಡುತ್ತಾರೆ?

ಅಸಲಿ ಫಜೀತಿ ಫೈಲು ಸಾಗಿಸುವ ಲಿನಕ್ಸ್ ಕಮಾಂಡ್ ‘ಎಂವಿ’ಯದು. ಸಿಕ್ಕ ಫೈಲನ್ನೆಲ್ಲ ಒಂದೊಂದಾಗಿ ‘ಹಳತು’ ಫೋಲ್ಡರಿಗೆ ಹಾಕು ಅಂತೀರಿ. ಆ ಫೋಲ್ಡರನ್ನು ಮಾಡಿಯೇ ಇರುವುದಿಲ್ಲ. ಎಂವಿ ತಕರಾರು ತೆಗೆಯುವುದಿಲ್ಲ; ಮೊದಲ ಫೋಟೊದ ಹೆಸರನ್ನೇ ‘ಹಳತು’ ಅಂತ ಬದಲಿಸುತ್ತದೆ. ಎರಡನೆಯದಕ್ಕೂ ಅದೇ ಹೆಸರು, ಮೊದಲನೆಯದು ಮಾಯ. ಮೂರನೆಯದು ಎರಡನೆಯದರ ಮೇಲೆ. ನಾನೂರು ಫೋಟೊ ಹೀಗೆ ಚಕಾರವಿಲ್ಲದೆ ಒಂದಾಗುತ್ತವೆ. ‘ಹಳತು’ ಆದಮೇಲೆ ಕೊನೆಗೆ ಒಂದು ಓರೆಗೆರೆ ಎಳೆದಿದ್ದರೆ, ಅಟ್ಟವೇ ಇಲ್ಲ ಅಂತ ಅಲ್ಲೇ ಕೂಗುತ್ತಿತ್ತು. ‘ಮೈನಸ್ ಎನ್’ ಇದ್ದಿದ್ದರೆ ಒಂದರ ಮೇಲೊಂದು ಬೀಳುತ್ತಿರಲಿಲ್ಲ. ಅದು ಫೋಲ್ಡರಿದ್ದಾಗಲೂ ಬೇಕು: ಕ್ಯಾಮೆರಾದ ನಂಬರು 9999 ಮುಗಿದರೆ ಮತ್ತೆ ಒಂದರಿಂದ ಶುರು, ಎರಡು ಜಾತ್ರೆಯ ಫೋಟೊಗಳಿಗೆ ಒಂದೇ ಹೆಸರು.

“ಎಂತ ಆತೋ ತಮಾ?” ಅಂತ ಸ್ಟುಡಿಯೋ ಯಜಮಾನರು ಇಣುಕುವಾಗ ಪರದೆಯ ಮೇಲೆ ‘ಹಳತು’ ಎಂಬ ಒಂದೇ ಫೈಲು. ತೆರೆದರೆ, ಲೆನ್ಸಿಗೆ ಅಡ್ಡ ಬಂದ ಯಾರದೋ ಬೆರಳು.